ಚೀಟಿಯ ಹಿಂದಿನ ಹೆಸರು

ನಮ್ಮ ಆಫೀಸಿಗೆ ಇಪ್ಪತ್ತೆರಡು ಮೆಟ್ಟಿಲು. ಹೊಸಪೇಟೆಯ ಸ್ಟೇಷನ್ ರಸ್ತೆಯಿಂದ ಒಳಗೆ ಹೊರಳುವ ಒಂದು ಓಣಿ, ಕೆಳಗೊಂದು ಪ್ರಿಂಟಿಂಗ್ ಪ್ರೆಸ್ಸು, ಮೇಲೆ ಕಂಪ್ಯೂಟರ್ ಮುಂದೆ ಕೂತ ನಾವು ಆರು ಮಂದಿ. ಮೆಟ್ಟಿಲುಗಳು ಕಡಿದಾಗಿವೆ. ಹನ್ನೊಂದು ಹತ್ತಿದ ಮೇಲೆ ಒಂದು ತಿರುವು, ಮತ್ತೆ ಹನ್ನೊಂದು. ಗಟ್ಟಿಮುಟ್ಟಾದವರೂ ಮೇಲೆ ಬಂದು ಉಸ್ಸೆಂದು ಕೂರುತ್ತಾರೆ. ನಮ್ಮ ಸರ್‌ಗೆ ಕಳೆದ ಎಂಟು ತಿಂಗಳು ಇದ್ದದ್ದು ಒಂದೇ ಆಸೆ. ಆ ಇಪ್ಪತ್ತೆರಡೂ ಹತ್ತಿ, ಕಿಟಕಿಯ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತು, ಒಂದು ಲೋಟ ಚಹಾ ಕುಡಿಯಬೇಕು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದ ಮನುಷ್ಯನಿಗೆ ಅದು ಸಣ್ಣ ಆಸೆಯೇನಲ್ಲ. ಮೂರು ವಾರದ ಹಿಂದೆ, ಆ ಆಸೆ ಹಾಗೇ ಇರುವಾಗ, ಅವರು ತೀರಿಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, "ಹೆಸರು ಹಿಂದ ಇರಬೇಕವ್ವ, ಮುಂದ ಅಲ್ಲ" ಎಂದು ಬೈಯುತ್ತಿದ್ದರು. ಆ ಮಾತು ಯಾಕೆ ಹೇಳುತ್ತಿದ್ದರು ಎಂಬುದು ಮುಂದೆ ಬರುತ್ತದೆ.

ಹೊಸಪೇಟೆಯ ಮೇ ತಿಂಗಳ ಬಿಸಿಲಲ್ಲೂ ತುಂಬುತೋಳಿನ ಬಿಳಿ ಅಂಗಿ, ಮಣಿಕಟ್ಟಿನ ಗುಂಡಿ ಸಹ ಹಾಕಿರಬೇಕು. ಜೇಬಿನಲ್ಲಿ ಒಂದು ಕೆಂಪು ಪೆನ್ಸಿಲ್ಲು ಮತ್ತು ರಬ್ಬರ್ ಬ್ಯಾಂಡ್ ಸುತ್ತಿದ ಚೀಟಿಗಳ ಕಟ್ಟು. ಚೀಟಿಗಳು ಕೆಳಗಿನ ಪ್ರೆಸ್ಸಿನಲ್ಲಿ ಮದುವೆ ಕಾರ್ಡು ಕತ್ತರಿಸಿ ಉಳಿದ ದಪ್ಪ ಕಾಗದದ ತುಣುಕುಗಳು. ಎಡಗಿವಿ ಕೇಳುತ್ತಿರಲಿಲ್ಲ. ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಯಂತ್ರಗಳ ಗದ್ದಲದ ನಡುವೆ ದುಡಿದು ಅದನ್ನು ಕಳೆದುಕೊಂಡಿದ್ದರು. ಆದ್ದರಿಂದ ಮಾತಾಡಬೇಕಾದವರು ಅವರ ಬಲಕ್ಕೆ ಕೂರಬೇಕು. ಯಾರ ಮಾತು ಕೇಳಲು ಮನಸ್ಸಿಲ್ಲವೋ ಅವರ ಕಡೆಗೆ ಮೆಲ್ಲಗೆ ಎಡಗಿವಿ ತಿರುಗಿಸಿ ನಗುತ್ತಾ ಕೂರುತ್ತಿದ್ದರು. ನಮ್ಮ ಆಫೀಸಿನ ಯಜಮಾನರಿಗೆ ಸಿಕ್ಕಿದ್ದು ಬಹುಪಾಲು ಎಡಗಿವಿಯೇ.

ಸಾಫ್ಟ್‌ವೇರ್ ಆಫೀಸಿನಲ್ಲಿ ಹತ್ತು ವರ್ಷ ಇದ್ದ ಈ ಮನುಷ್ಯ ಒಂದೇ ಒಂದು ಸಾಲು ಕೋಡು ಬರೆದವರಲ್ಲ. ಕೀಲಿಮಣೆಯ ಮೇಲೆ ಎರಡೇ ಬೆರಳು ಓಡುತ್ತಿದ್ದವು, ಅವೂ ಓಡುತ್ತಿರಲಿಲ್ಲ, ನಡೆಯುತ್ತಿದ್ದವು. ಅವರ ಕೆಲಸ ಕೆಲಸವನ್ನು ಒಡೆಯುವುದು. ಕಾರ್ಖಾನೆಯಲ್ಲಿ ಕುಲುಮೆ ಆರಿಸಿ ರಿಪೇರಿಗೆ ನಿಲ್ಲಿಸಿದಾಗ ಯಾರು ಯಾವಾಗ ಯಾವ ಬೋಲ್ಟು ಬಿಚ್ಚಬೇಕು ಎಂದು ಹಂಚಿಕೊಡುತ್ತಿದ್ದವರು ಅವರು. ಅಲ್ಲಿಂದ ಬರುವಾಗ ಒಂದು ಮಾತು ತಂದಿದ್ದರು: "ಕೆಲಸ ಯಾವಾಗ ಬೇಕಾದ್ರೂ ನಿಲ್ಲತೈತಿ. ಕರೆಂಟ್ ಹೊಕ್ಕತಿ, ಮನಿಷ್ಯಾ ಹೊಕ್ಕಾನ, ಯಜಮಾನನ ಮನಸು ಹೊಕ್ಕತಿ. ನಿಂತ ಹೊತ್ತಿನ್ಯಾಗ ಅದು ಯಾರಿಗರ ಉಪಯೋಗಕ್ಕ ಬರಂಗಿರಬೇಕು."

ಆದ್ದರಿಂದ ಅವರ ಚೀಟಿಗೆ ಕಟ್ಟುಪಾಡುಗಳಿದ್ದವು. ಚೀಟಿಯಲ್ಲಿ ಹಿಡಿಸದ ಕೆಲಸ ದೊಡ್ಡದು, ಒಡಿ. ಬೆಳಿಗ್ಗೆ ಹಿಡಿದದ್ದು ಬುತ್ತಿ ಬಿಚ್ಚುವುದರೊಳಗೆ ಮುಗಿಯದಿದ್ದರೆ ಇನ್ನೂ ಒಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಚೀಟಿಯ ಹಿಂಬದಿ. ಆ ಕೆಲಸ ಯಾರಿಗೆ ಬೇಕೋ ಅಂಥ ಒಬ್ಬರ ಹೆಸರು ಅಲ್ಲಿರಬೇಕು. ಕೆಲಸ ಮುಗಿದ ಮೇಲೆ ಅದನ್ನು ಆ ಮನುಷ್ಯರಿಗೆ ತೋರಿಸಬೇಕು. ಅವರು ಕಣ್ಣಾರೆ ಕಂಡು "ನೋಡೀನಿ" ಅಂದರೆ ಮಾತ್ರ ಚೀಟಿ ಆಗಬೇಕಾದವುಗಳ ಎಡಗೋಡೆಯಿಂದ ಮುಗಿದವುಗಳ ಬಲಗೋಡೆಗೆ. ಎಡಗೋಡೆಯಲ್ಲಿ ಎರಡು ವಾರ ಅಲ್ಲಾಡದೆ ಕೂತ ಚೀಟಿಯನ್ನು ಇಲ್ಲವೇ ಒಡೆಯಬೇಕು, ಇಲ್ಲವೇ ಹರಿಯಬೇಕು. ಯಾರಾದರೂ "ಆಲ್‌ಮೋಸ್ಟ್ ಆಗೈತಿ ಸರ್" ಅಂದರೆ ಅವರ ಮುಖ ಹುಳಿ ತಿಂದಂತಾಗುತ್ತಿತ್ತು. "ಆಗಿಲ್ಲ ಅಂತ ಹೇಳಾಕ ಎಷ್ಟು ಉದ್ದ ಮಾತವ್ವ ಅದು!"

ನಾನು ಕುರೆಕುಪ್ಪದವಳು. ಅಪ್ಪ ಗುತ್ತಿಗೆ ಕೆಲಸಗಾರ. ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ನೌಕರಿಗೆ ಹೋದವಳು ನಾನೇ ಮೊದಲು. ಆ ಜಂಭ ನನ್ನಲ್ಲಿ ಬೇಕಾದಷ್ಟಿತ್ತು. ಇಂಜಿನಿಯರಿಂಗ್ ಓದಿ ಬಂದವಳಿಗೆ ಬೋಲ್ಟು ಲೆಕ್ಕ ಹಾಕುತ್ತಿದ್ದ ಮುದುಕರು ಹೇಳಿಕೊಡುವುದೇನು ಎಂದು ಮೊದಲ ವರ್ಷವೆಲ್ಲ ಒಳಗೊಳಗೇ ಮೂಗು ಮುರಿದೆ. ಮೂಗು ಸರಿಯಾದ ಜಾಗಕ್ಕೆ ಬಂದದ್ದು ಕಂಪ್ಲಿಯಲ್ಲಿ.

ಕಂಪ್ಲಿಯ ಒಂದು ಅಕ್ಕಿ ಮಿಲ್ಲಿನವರು ನಮ್ಮಲ್ಲಿಗೆ ಬಂದಿದ್ದರು. ಸುಗ್ಗಿಯಲ್ಲಿ ಅವರ ಮಿಲ್ಲಿನ ಮುಂದೆ, ಕಾಲುವೆಯ ಉದ್ದಕ್ಕೂ, ಭತ್ತದ ಟ್ರಾಕ್ಟರುಗಳ ಸಾಲು ನಿಲ್ಲುತ್ತಿತ್ತು. ಡ್ರೈವರುಗಳು ಎರಡೆರಡು ದಿನ ಟ್ರೇಲರಿನ ನೆರಳಲ್ಲಿ ಮಲಗಿ ಕಾಯುತ್ತಿದ್ದರು. ನಡುವೆ ಒಂದು ಮಳೆ ಬಂದರೆ ಭತ್ತವೂ ನೆನೆಯುತ್ತಿತ್ತು, ಮನುಷ್ಯರೂ ನೆನೆಯುತ್ತಿದ್ದರು. ಮಿಲ್ಲಿನವರು ಕೇಳಿದ್ದು ಇಷ್ಟೇ: ಊರಲ್ಲಿದ್ದಾಗಲೇ ಫೋನಿಗೆ ಪಾಳಿಯ ಟೋಕನ್ ಬರಬೇಕು, ಪಾಳಿ ಬಂದಾಗ ಟ್ರಾಕ್ಟರ್ ಹೊರಟು ಬರಬೇಕು. ನಮ್ಮ ಆಫೀಸಿಗೆ ಬಂದ ಮೊದಲ ದೊಡ್ಡ ಕೆಲಸ ಅದು. ಇದು ಕೈತಪ್ಪಿದರೆ ಬಾಗಿಲು ಹಾಕುವುದೇ ಸೈ ಎಂದು ಯಜಮಾನರು ಹೇಳಿಯಾಗಿತ್ತು. ಕೆಲಸ ಒಡೆಯುವ ಜವಾಬ್ದಾರಿಯನ್ನು ಸರ್ ನನಗೆ ಕೊಟ್ಟರು.

ನಾನು ಅರವತ್ನಾಲ್ಕು ಚೀಟಿ ಮಾಡಿದೆ. ಹೆಸರು ನೋಂದಾಯಿಸುವ ಪರದೆಗೆ ಒಂಬತ್ತು, ಮಾಹಿತಿ ಇಡುವ ಕೋಷ್ಟಕಗಳಿಗೆ ಹದಿಮೂರು, ಟೋಕನ್ ಸಂಖ್ಯೆ ಎಣಿಸುವುದಕ್ಕೆ ಇಷ್ಟು, ಮೆಸೇಜು ಕಳಿಸುವುದಕ್ಕೆ ಇಷ್ಟು. ಗೋಡೆ ನೋಡಿದರೆ ಕಣ್ಣು ತಣ್ಣಗಾಗಬೇಕು, ಅಷ್ಟು ಚೊಕ್ಕ. ಸರ್ ಬಂದು ಒಂದು ಚೀಟಿಯ ಅಂಚು ಎತ್ತಿ ಹಿಂದೆ ನೋಡಿದರು. ಇನ್ನೊಂದು ಎತ್ತಿದರು.

"ಹಿಂದ ಯಾರೂ ಇಲ್ಲಲ್ಲವ್ವ?"

"ಇವು ಟೆಕ್ನಿಕಲ್ ಚೀಟಿ ಸರ್. ಇವಕ್ಕ ಹೆಸರು ಬರಂಗಿಲ್ಲ."

"ಯಾರಿಗೂ ತೋರಿಸಾಕ ಬರದಿದ್ದನ್ನ ಯಾಕ ಮಾಡ್ತಿ?"

ಆ ಮಾತು ನನಗೆ ಚುಚ್ಚಿತು. ಮಧ್ಯಾಹ್ನ ನಾನೂ ಮೆಹಬೂಬನೂ ಕೂತು ಒಂದು ಉಪಾಯ ಮಾಡಿದೆವು. ಮೆಹಬೂಬ್ ನನ್ನ ಜೊತೆ ಕೋಡು ಬರೆಯುವವನು, ಕೌಲ್‌ಪೇಟೆಯವನು. ಮೂವತ್ತೆರಡು ಚೀಟಿಯ ಹಿಂದೆ ನಾನು ಅವನ ಹೆಸರು ಬರೆದೆ, ಉಳಿದ ಮೂವತ್ತೆರಡರ ಹಿಂದೆ ಅವನು ನನ್ನ ಹೆಸರು ಬರೆದ. ನಾನು ಪರದೆ ಮುಗಿಸಿ ಅವನಿಗೆ ತೋರಿಸುವುದು, ಅವನು "ನೋಡೀನಿ" ಅನ್ನುವುದು. ಅವನು ಕೋಷ್ಟಕ ಮುಗಿಸಿ ನನಗೆ ತೋರಿಸುವುದು, ನಾನು "ನೋಡೀನಿ" ಅನ್ನುವುದು. ಆರು ವಾರದಲ್ಲಿ ಅರವತ್ನಾಲ್ಕೂ ಬಲಗೋಡೆಗೆ ಹೋದವು. ಸರ್ ಆ ಗೋಡೆಯನ್ನು ನೋಡುತ್ತಾ ಬುತ್ತಿ ಉಣ್ಣುತ್ತಿದ್ದರು, ಏನೂ ಹೇಳಲಿಲ್ಲ. ನಮ್ಮ ಜಾಣತನ ಅವರಿಗೆ ಗೊತ್ತಾಗಿಲ್ಲ ಎಂದು ನಾವಿಬ್ಬರೂ ತಿಳಿದಿದ್ದೆವು. ನಮ್ಮ ಕರ್ಮ.

ಕಂಪ್ಲಿಯಲ್ಲಿ ಮಿಲ್ಲಿನ ಅಂಗಳದಲ್ಲಿ ಮೇಜು ಹಾಕಿ ಕಂಪ್ಯೂಟರ್ ಇಟ್ಟೆವು. ಸಾಲಿನಲ್ಲಿ ಮೊದಲಿದ್ದವನು ಹನುಮಂತಪ್ಪನೆಂಬ ಡ್ರೈವರ್. ಹೆಸರು, ಊರು, ನಂಬರು ಹೇಳಿದ. ನಾನು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ನನ್ನ ಪರದೆ ಊರಿನ ಹೆಸರನ್ನು ಕನ್ನಡದಲ್ಲಿ ಕಳಿಸುತ್ತಿತ್ತು, ಮೆಹಬೂಬನ ಕೋಷ್ಟಕ ಅದನ್ನು ಇಂಗ್ಲಿಷಿನಲ್ಲಿ ಕಾಯುತ್ತಾ ಕೂತಿತ್ತು. ಬೇರೆಬೇರೆಯಾಗಿ ಎರಡೂ ಸರಿ, ಕೂಡಿಸಿದರೆ ಎರಡೂ ದಂಡ. ಅಲ್ಲೇ ಕೂತು ಹೇಗೋ ತಿದ್ದಿ ಮೆಸೇಜು ಕಳಿಸಿದೆವು. ಹನುಮಂತಪ್ಪ ಮಾತ್ರ ಕೈಕಟ್ಟಿ ನಿಂತೇ ಇದ್ದ.

"ಮೆಸೇಜು ಬಂತೇನ್ರೀ?" ಎಂದೆ.

"ನನಗೆಲ್ಲಿ ಬರತೈತವ್ವ? ಫೋನ್ ನಂಬರು ಗೌಡ್ರದು ಕೊಟ್ಟೀನಿ, ಭತ್ತ ಅವ್ರದಲ್ಲ? ಅವ್ರಿಗೆ ಬಂದಿರತೈತಿ. ಅವ್ರು ಊರಾಗ ಅದಾರ. ಪಾಳಿ ಕಾಯಾಂವ ನಾನು."

ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ನಕ್ಕರು. ನಗು ಕೆಟ್ಟದ್ದೇನೂ ಆಗಿರಲಿಲ್ಲ, ಆದರೂ ನನಗೆ ನೆಲ ಬಿರಿದರೆ ಸಾಕಾಗಿತ್ತು. ಕಾಯುವವರು ಯಾರು ಎಂದು ಆರು ವಾರದಲ್ಲಿ ನಾವು ಒಬ್ಬರನ್ನೂ ಕೇಳಿರಲಿಲ್ಲ. ತೌಡಿನ ಚೀಲಗಳ ಹಿಂದೆ ಹೋಗಿ ಅತ್ತೆ. ಸ್ವಲ್ಪ ಹೊತ್ತಿಗೆ ಸರ್ ಬಂದು ಒಂದು ಚೀಲದ ಮೇಲೆ ಕೂತು, ಬಲಗಡೆಯ ಚೀಲ ತಟ್ಟಿ, "ಇಲ್ಲಿ ಕುಂದ್ರು" ಅಂದರು. ಬೈಯುತ್ತಾರೆಂದು ಕಾದೆ.

"ಅರವತ್ನಾಕು ಚೀಟಿ ಮುಗದಾವ. ಖರೇ. ಆದ್ರ ಒಂದು ಟ್ರಾಕ್ಟರ್ ಒಳಗ ಬಂದಿಲ್ಲ," ಅಂದರು. ಆಮೇಲೆ ಮೆಲ್ಲಗೆ, "ನಾನೂ ತಪ್ಪು ಮಾಡೀನಿ. ಮೆಹಬೂಬನ ಹೆಸರು ಓದಿದ ದಿನಾನ ಹೇಳಬೇಕಿತ್ತು. ನೀನ ತಿದ್ದಿಕೊಂತಿ ಅಂತ ಸುಮ್ಮನಿದ್ದೆ" ಎಂದರು. ಮೇಲಿನವರು ತಮ್ಮ ತಪ್ಪು ಹೇಳಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಿಲ್ಲಿನವರ ಹತ್ತಿರ ಹೋಗಿ ಅವರೇ ಹತ್ತು ದಿನದ ಗಡುವು ಕೇಳಿಕೊಂಡು ಬಂದರು. ವಾಪಸು ಬರುವ ಬಸ್ಸಿನಲ್ಲಿ ಹೊಸ ಚೀಟಿ ತೆಗೆದು, ಬಸ್ಸು ನಿಂತಾಗಲೆಲ್ಲ ಒಂದೊಂದು ಪದ ಬರೆದರು: "ನಾಳೆ ಎಷ್ಟು ಹೊತ್ತಿಗೆ ಬರಬೇಕೆಂದು ಹನುಮಂತಪ್ಪನಿಗೆ ತಿಳಿಯಬೇಕು." ಹಿಂದೆ ಹನುಮಂತಪ್ಪನ ಹೆಸರು.

"ಇಷ್ಟ ಏನ್ ಸರ್? ಉಳದವ್ರು?"

"ಉಳದವ್ರು ನಾಳಿ ಸಾಲಿನ್ಯಾಗ ನಿಂದರತಾರ, ಇವತ್ತು ನಿಂತಂಗ. ಒಬ್ಬಂವ ನಿಂದ್ರದಂಗ ಮಾಡು. ತುದಿಯಿಂದ ತುದಿ ತನಕ, ಒಬ್ಬಂವಗ."

ನೋಂದಣಿಯಿಲ್ಲ, ಟೋಕನ್ನಿಲ್ಲ. ಮಿಲ್ಲಿನ ಗುಮಾಸ್ತರು ಡ್ರೈವರಿನ ನಂಬರು, ಬರಬೇಕಾದ ಹೊತ್ತು, ಈ ಎರಡನ್ನು ಒತ್ತಿದರೆ ಮೆಸೇಜು ಹೋಗಬೇಕು, ಅಷ್ಟೇ. ಬೆಳಿಗ್ಗೆ ಕೂತು ಬುತ್ತಿ ಬಿಚ್ಚುವುದರೊಳಗೆ ಮುಗಿಸಿದೆವು. ಮರುದಿನ ನಾಲ್ಕು ಗಂಟೆಗೆ ಬಾ ಎಂದು ಹನುಮಂತಪ್ಪನಿಗೆ ಮೆಸೇಜು ಹೋಯಿತು. ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನ ಟ್ರಾಕ್ಟರು ಸಾಲಿನ ಪಕ್ಕದಿಂದ ಬಂದು ನೇರ ತೂಕದ ಕಟ್ಟೆಗೆ ಏರಿತು. ಇಳಿದು ಬಂದವನು ಫೋನು ನನ್ನ ಮುಖಕ್ಕೆ ಹಿಡಿದು, "ನೋಡೀನಿ ಬಿಡವ್ವ, ಇನ್ನ ಅಳಬ್ಯಾಡ" ಅಂದ. ಚೀಲಗಳ ಹಿಂದೆ ನಾನು ಅತ್ತದ್ದು ಎಲ್ಲರಿಗೂ ಕಂಡಿತ್ತು.

ಅದಾದ ಮೇಲಿನ ಚೀಟಿ ಒಂದೇ ಊರಿನ ನಾಲ್ಕು ಡ್ರೈವರುಗಳಿಗೆ. ಆಮೇಲಿನದು ಮಿಲ್ಲಿನ ಮೋಟರು ಕೆಟ್ಟರೆ ಎಲ್ಲರಿಗೂ ತಿಳಿಸುವುದಕ್ಕೆ. ಸುಗ್ಗಿ ಮುಗಿಯುವ ಹೊತ್ತಿಗೆ ಕಾಲುವೆಯ ದಾರಿ ಖಾಲಿ ಬಿದ್ದಿತ್ತು, ನಮ್ಮ ಆಫೀಸಿನ ಬಾಗಿಲು ತೆರೆದೇ ಇತ್ತು. ನನ್ನ ಅರವತ್ನಾಲ್ಕರಲ್ಲಿ ಕೆಲಸಕ್ಕೆ ಬಂದವು ಹತ್ತೊಂಬತ್ತು. ಉಳಿದ ನಲವತ್ತೈದನ್ನು ಸರ್ ದಾರದಿಂದ ಕಟ್ಟಿ ನನ್ನ ಕೈಗಿತ್ತರು. "ಮನ್ಯಾಗ ಇಟಗ. ಜಾಣತನ ಜಾಸ್ತಿ ಆತು ಅನಿಸಿದಾಗ ತಗದು ನೋಡು." ಈಗಲೂ ಬೀರುವಿನಲ್ಲಿವೆ. ಆಗಾಗ ತೆಗೆಯಬೇಕಾಗುತ್ತದೆ.

ಅವರ ಜೊತೆ ಒಮ್ಮೆ ಎಲ್ಲರೂ ಹಂಪಿಗೆ ಹೋಗಿದ್ದೆವು. ದಾರಿಯ ಬದಿಯ ಒಂದು ಹೆಬ್ಬಂಡೆಯಲ್ಲಿ ಕಲ್ಲುಕುಟಿಗರು ಉಳಿಯಿಂದ ಕೊರೆದ ಸಣ್ಣ ಗುಳಿಗಳ ಸಾಲಿತ್ತು, ಬಂಡೆ ಮಾತ್ರ ಒಡೆದಿರಲಿಲ್ಲ. ಮೆಹಬೂಬನಿಗೆ ಖುಷಿಯೋ ಖುಷಿ. "ನೋಡ್ರಿ ಸರ್, ನಿಮ್ಮಂಗ ಅವ್ರೂ ದೊಡ್ಡದನ್ನ ಸಣ್ಣದು ಮಾಡ್ತಿದ್ರು" ಎಂದ. ಸರ್ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಬಂಡೆ ಸುತ್ತಿ ಬಂದರು. "ಅವ್ರದು ಸಸಾರ ಬಿಡಪ. ಕಲ್ಲು ಒಡದ್ರ ಆತು. ನಮ್ದು ಒಡದದ್ದನ್ನ ಮತ್ತ ಕೂಡಸಬೇಕು," ಎಂದು, ಗುಳಿಗಳ ಮೇಲೆ ಕೈಯಾಡಿಸಿ, "ಪಾಪ, ಯಾರಿಗೆ ಬೇಕಂತ ಕೇಳಿರಲಿಕ್ಕಿಲ್ಲ. ಅದಕ್ಕ ನಡಕ ಬಿಟ್ಟಾರ" ಅಂದರು. ಆಮೇಲೆ ಮಂಡಕ್ಕಿಯಲ್ಲಿ ಶೇಂಗಾ ಕಡಿಮೆಯಾಗಿದೆಯೆಂದು ದಾರಿಯುದ್ದಕ್ಕೂ ಗೊಣಗಿದರು.

ಲಕ್ವ ಹೊಡೆದದ್ದು ಹೋದ ಬೇಸಿಗೆಯಲ್ಲಿ. ನಾನು ಮನೆಗೆ ಹೋದಾಗ ಹಾಸಿಗೆಯಲ್ಲಿ ಮಲಗಿದ್ದವರು ನನ್ನ ಸರ್ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಮಣಿಕಟ್ಟಿನ ಗುಂಡಿ ಬಿಚ್ಚಿತ್ತು. ಅದನ್ನು ನೋಡಿಯೇ ನನಗೆ ಹೆಚ್ಚು ಸಂಕಟವಾದದ್ದು. ಮಾತು ಉಳಿದಿತ್ತು, ಆದರೆ ಒಂದೊಂದು ಪದವನ್ನು ಹುಡುಕಿ ತರಬೇಕಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ಹಾಳೆ ಕೊಟ್ಟಿದ್ದಳು. ಬೆರಳು ಇಪ್ಪತ್ತು ಸಲ ಮಡಚುವುದು, ಮಣಿಕಟ್ಟು ತಿರುಗಿಸುವುದು, ಪಾದ ಎತ್ತುವುದು. ತಿಂಗಳು ಶಿಸ್ತಾಗಿ ಮಾಡಿದರು. ಒಂದು ದಿನ ನನ್ನನ್ನು ಬಲಕ್ಕೆ ಕೂರಿಸಿಕೊಂಡು ಹೇಳಿದರು:

"ಬೆರಳು ಆತು, ಮಣಿಕಟ್ಟು ಆತು, ಎಲ್ಲಾ ಆಗ್ಯಾವ. ನಾ ಮಾತ್ರ ಹಾಸಿಗ್ಯಾಗ ಅದೀನಿ. ಇದು ನಿನ್ನ ಅರವತ್ನಾಕು ಚೀಟಿ ಇದ್ದಂಗ ಐತೆಲ್ಲವ್ವ."

ನಕ್ಕೆವು, ಕಣ್ಣಲ್ಲಿ ನೀರೂ ಬಂತು. ಮರುದಿನ ಪ್ರೆಸ್ಸಿನಿಂದ ಕಾಗದದ ತುಣುಕು ಒಯ್ದೆ. ಅವರು ಹೇಳಿದರು, ನಾನು ಬರೆದೆ: "ಬೆಳಿಗ್ಗೆ ಗಂಗಮ್ಮ ಹಾಲು ಹಾಕುವಾಗ ಪಾತ್ರೆ ಹಿಡಿಯುವುದು." ಹಿಂದೆ ಗಂಗಮ್ಮನ ಹೆಸರು. ಎದ್ದು ಕೂರಬೇಕು, ಬಾಗಿಲಿನವರೆಗೆ ಗಾಲಿಕುರ್ಚಿಯಲ್ಲಿ ಬರಬೇಕು, ಬೆರಳು ಹಿಡಿಯಬೇಕು, ತೋಳು ತಾಳಬೇಕು. ಹಾಳೆಯಲ್ಲಿದ್ದ ವ್ಯಾಯಾಮವೆಲ್ಲ ಅದರೊಳಗಿತ್ತು, ಕೊನೆಗೆ ಮನೆಗೆ ಹಾಲೂ ಸಿಗುತ್ತಿತ್ತು. ವ್ಯಾಯಾಮದ ಹುಡುಗಿಯೂ ಒಪ್ಪಿ, ಹಾಳೆ ಬಿಡಬೇಡಿ, ಇದನ್ನೂ ಮಾಡಿ ಎಂದಳು. ಮೂರು ದಿನ ಹಾಲು ಹೊಸ್ತಿಲ ಮೇಲೆ ಚೆಲ್ಲಿತು. ನಾಲ್ಕನೆಯ ದಿನ ಗಂಗಮ್ಮ ಪಾವು ಹಾಲು ಹಾಕಿ, ತಳ ಬಗ್ಗಿ ನೋಡಿ, "ನೋಡೀನ್ರಿ ಯಪ್ಪಾ, ಒಂದು ಹನಿ ಚೆಲ್ಲಿಲ್ಲ" ಎಂದು ತನ್ನ ಸೆರಗಿನಿಂದಲೇ ಅವರ ಮುಖದ ಬೆವರು ಒರೆಸಿದಳಂತೆ.

ಅಡಿಗೆಮನೆಯ ಗೋಡೆ ಈಗ ಆಫೀಸಿನ ಗೋಡೆಯಾಯಿತು. ಚೀಟಿಗಳ ಮೇಲಂಚಿಗೆ ಮೈದಾ ಅಂಟು ಬಳಿದು ಅಂಟಿಸುತ್ತಿದ್ದವರು ಅವರ ಮನೆಯವರು. ನಾವು ಅವರನ್ನು ಅಮ್ಮ ಎನ್ನುತ್ತೇವೆ. ಅಂಟಿಸುವಾಗ ಸುಮ್ಮನಿರುವ ಜನ ಅಲ್ಲ. "ಕಾರ್ಖಾನಿ ಆತು, ಆಫೀಸ್ ಆತು, ಈಗ ನನ್ನ ಅಡಿಗಿಮನಿಗೆ ಬಂತು ನಿಮ್ಮ ಗ್ವಾಡಿ" ಅನ್ನುವರು. ಒಮ್ಮೆ ನನಗೆ ಚಹಾ ಕೊಡುತ್ತಾ ಹೇಳಿದರು: "ಹತ್ತು ವರ್ಷ ಬುತ್ತಿ ಕಟ್ಟೀನಿ ನೋಡವ್ವ. ಆ ಬುತ್ತಿ ಎಲ್ಲಿ ಬಿಚ್ಚತಿದ್ರು ಅಂತ ಒಮ್ಮಿನೂ ನೋಡಿಲ್ಲ."

ಎದುರುಮನೆಯ ಅಜ್ಜಿಗೆ ಪೇಪರ್ ಕೊಟ್ಟು ಬರುವುದು ಆಯಿತು. ಕೋಲೂರಿ ಕಟಿಂಗ್ ಅಂಗಡಿಗೆ ಹೋಗಿ ಬರುವುದು ಆಯಿತು. ಆಗೊಂದು ದಿನ, ಎಂಟು ತಿಂಗಳ ಹಿಂದೆ, ಅವರೇ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದ ಚೀಟಿ ಗೋಡೆಯಲ್ಲಿ ಕಂಡಿತು: "ಆಫೀಸಿನ ಮೆಟ್ಟಿಲು ಹತ್ತಿ, ನನ್ನ ಕುರ್ಚಿಯಲ್ಲಿ ಕೂತು, ಒಂದು ಚಹಾ." ಎರಡು ವಾರ ಕಳೆದರೂ ಅದು ಅಲ್ಲಾಡಲಿಲ್ಲ.

"ಒಡೀಬೇಕು, ಇಲ್ಲ ಹರೀಬೇಕು ಸರ್. ನೀವ ಹೇಳಿದ್ದು" ಎಂದೆ.

ಸರ್ ಎಡಗೈಯಿಂದ ಗೋಡೆಯ ಕಡೆ ತೋರಿಸಿದರು. "ಇದು ನನಗ ಬರವಲ್ದು. ನೀ ಒಡಿ."

ನನಗೆ ಬರುವುದಿಲ್ಲ ಎಂದು ಅವರು ಅಂದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವಸರದಲ್ಲಿ ಅಲ್ಲೇ ಕೂತು ಒಡೆದೆ. ಮೊದಲ ವಾರ ಎರಡು ಮೆಟ್ಟಿಲು, ಎರಡನೇ ವಾರ ನಾಲ್ಕು. ಓದಿ ಹೇಳುತ್ತಿದ್ದಂತೆ ಮೆಲ್ಲಗೆ ಎಡಗಿವಿ ನನ್ನ ಕಡೆ ತಿರುಗಿತು. ಸರಿಯೇ, ಎರಡು ಮೆಟ್ಟಿಲು ಹತ್ತಿ ನಿಂತರೆ ಅದರಿಂದ ಯಾರಿಗೇನು? ಕುರೆಕುಪ್ಪದ ಬಸ್ಸಿನಲ್ಲಿ ಕೂತು ಯೋಚಿಸಿದೆ. ಅವರು ಮೇಲೆ ಬಾರದ್ದರಿಂದ ಯಾರು ಏನು ಕಳೆದುಕೊಂಡಿದ್ದಾರೆ? ನಮ್ಮ ಗೋಡೆಯ ಚೀಟಿ ಎತ್ತಿ "ಹಿಂದ ಯಾರು?" ಎಂದು ಕೇಳುವವರು ಇರಲಿಲ್ಲ. ಮರುದಿನ ಹೊಸ ಚೀಟಿ ಬರೆದು ಒಯ್ದೆ: "ಗುರುವಾರ ಹತ್ತು ಗಂಟೆಗೆ ಪ್ರೆಸ್ಸಿನ ಮುಂದೆ ಕುರ್ಚಿ ಹಾಕಿ ಕೂತು, ಶಾರದಾಳ ಚೀಟಿಗಳನ್ನು ನೋಡುವುದು." ಹಿಂದೆ ಶಾರದಾಳ ಹೆಸರು. ಓದಿ, ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯನ್ನು ನನ್ನ ತಲೆಯ ಮೇಲಿಟ್ಟರು.

ಶಾರದಾ ಸಂಡೂರಿನವಳು, ಸರ್ ಮಲಗಿದ ಮೇಲೆ ನಮ್ಮಲ್ಲಿ ಸೇರಿದವಳು. ಗಣಿಯ ಶಿಫ್ಟ್ ಬಸ್ಸು ಎಲ್ಲಿದೆ ಎಂದು ಕೆಲಸಗಾರರಿಗೆ ತಿಳಿಸುವ ಕೆಲಸ ಹಿಡಿದು ಒಂದು ತಿಂಗಳಿಂದ ಅದರಲ್ಲಿ ಮುಳುಗಿದ್ದಳು. ಗುರುವಾರ ಸರ್ ಆಟೋದಲ್ಲಿ ಬಂದರು, ಬಿಳಿ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿತ್ತು. ನಾವು ಆರೂ ಮಂದಿ ಕೆಳಗಿಳಿದು ಬಂದೆವು. ಅವಳ ಚೀಟಿಗಳನ್ನು ಒಂದೊಂದಾಗಿ ಮಗುಚಿ ನೋಡಿ ಕೇಳಿದರು:

"ಈ ಬಸ್ಸಿಗೆ ಕಾಯೋರು ಒಬ್ಬರ ಹೆಸರು ಹೇಳವ್ವ."

"ನಮ್ಮಣ್ಣನ ಕಾಯ್ತಾನ ಸರ್, ಬೆಳಿಗ್ಗೆ ಐದಕ್ಕ ಹೋಗಿ ನಿಂದರತಾನ."

"ಬರಿ ಮತ್ತ. ಅವ ಇನ್ನೊಂದು ಹದಿನೈದು ನಿಮಿಷ ಮಲಗಿದ್ರ ಸಾಕು ನಮಗ."

ಅವಳ ಮುಖದ ಗಂಟು ಬಿಚ್ಚಿದ್ದನ್ನು ನಾವೆಲ್ಲ ನೋಡಿದೆವು. ಅಲ್ಲಿಂದ ಮುಂದೆ ಪ್ರತಿ ಗುರುವಾರ ನಮ್ಮ ಆಫೀಸು ಒಂದು ತಾಸು ಓಣಿಯಲ್ಲಿ. ಕೆಲವು ತಿಂಗಳಾದ ಮೇಲೆ ಹನ್ನೊಂದು ಮೆಟ್ಟಿಲು ಹತ್ತಿ ತಿರುವಿನವರೆಗೆ ಬಂದರು, ಅಲ್ಲೊಂದು ಸ್ಟೂಲ್ ಇಟ್ಟೆವು. ಆ ಚೀಟಿಯ ಹಿಂದೆ ಮೆಹಬೂಬನ ಹೆಸರಿತ್ತು. ಅವನು "ನೋಡೀನಿ" ಅನ್ನುವುದು ಬಿಟ್ಟು ಗೊಳೋ ಎಂದು ಅತ್ತ. ಒಂದು ಗುರುವಾರ ನಾನು ತಮಾಷೆಗೆ ಜಗಳ ತೆಗೆದೆ.

"ಹಾಲು ಹಾಕೋ ಗಂಗಮ್ಮಗ ಒಂದು ಚೀಟಿ, ಎದುರುಮನಿ ಅಜ್ಜಿಗೆ ಒಂದು, ಇವನಿಗೊಂದು. ನನ್ನ ಹೆಸರು ಒಂದರ ಹಿಂದೂ ಇಲ್ಲಲ್ಲ ಸರ್?"

ಎಡಗಿವಿ ತಿರುಗಿಸಿ ನಕ್ಕರು. ತಮಾಷೆಗೆ ಅಂದೆನಾದರೂ ಒಳಗೆ ಸ್ವಲ್ಪ ನೋವಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಉಳಿದ ಹನ್ನೊಂದು ಮೆಟ್ಟಿಲು ಹಾಗೇ ಉಳಿದವು. ಮಣ್ಣಿಗೆ ಬಂದವರೆಲ್ಲ, "ಪಾಪ, ಒಮ್ಮೆ ಮೇಲೆ ಹತ್ತಬೇಕು ಅಂತಿದ್ದರು, ಆಗಲೇ ಇಲ್ಲ" ಎಂದು ಮರುಗಿದರು. ನನಗೂ ಹಾಗೇ ಅನಿಸಿತ್ತು.

ದಿನದ ಕಾರ್ಯವೆಲ್ಲ ಮುಗಿದ ಮೇಲೆ ಅಮ್ಮನನ್ನು ನೋಡಲು ಹೋದೆ. ಅಡಿಗೆಮನೆಯ ಗೋಡೆ ಖಾಲಿಯಾಗಿತ್ತು, ಒಂದೇ ಒಂದು ಚೀಟಿ ಉಳಿದಿತ್ತು. ಎಡಗೈಯ ಸೊಟ್ಟ ಅಕ್ಷರದ್ದು.

"ಇದೊಂದು ಕುಂತೈತಿ," ಅಂದರು ಅಮ್ಮ. "ಒಡೀಬೇಕೋ, ಹರೀಬೇಕೋ? ಹೇಳೋರು ಇಲ್ಲ. ನೀನ ಹೇಳು." ಹೇಳುತ್ತಲೇ ಅಂಚು ಎಬ್ಬಿಸಿ ಬಿಡಿಸಿ ನನ್ನ ಕೈಗೆ ಕೊಟ್ಟರು.

ಮಗುಚಿದೆ. ಹಿಂದೆ ನನ್ನ ಹೆಸರಿತ್ತು. ಎಂಟು ತಿಂಗಳು ಅದು ನನ್ನ ಕಣ್ಣ ಮುಂದೆಯೇ ಇತ್ತು, ಒಂದು ದಿನವೂ ಅಂಚು ಎತ್ತಿ ಹಿಂದೆ ನೋಡಿರಲಿಲ್ಲ. ಆರು ವರ್ಷ ಅವರ ಕೈಕೆಳಗೆ ಕಲಿತವಳು ನಾನು! ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅಮ್ಮ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಾಡಿಸಿದರು. ಅವರದು ಅತ್ತು ಮುಗಿದಿತ್ತೋ, ನನಗಾಗಿ ತಡೆದಿದ್ದರೋ ತಿಳಿಯಲಿಲ್ಲ.

"ಹರಿಯೋದು ಬ್ಯಾಡಮ್ಮಾ, ಒಡಿಯೋಣು" ಎಂದೆ.

"ಅವ್ರ ಇಲ್ಲಂದ ಮ್ಯಾಲ ಏನ್ ಒಡೀತಿ?"

"ಅವ್ರ ಪಾಲಿಂದು ಇನ್ನ ಆಗಂಗಿಲ್ಲ. ಚಹಾ ಅಷ್ಟು ಆಗತೈತಿ. ಗುರುವಾರ ನೀವು ಬರ್ರಿ."

ಹೋದ ಗುರುವಾರ ಬಂದರು. ಹನ್ನೊಂದು ಮೆಟ್ಟಿಲು ಹತ್ತಿ ತಿರುವಿನ ಸ್ಟೂಲಿನ ಮೇಲೆ ಕೂತರು. ಇದೇನಾ ಅದು ಎಂಬಂತೆ ಅದರ ಅಂಚು ಮುಟ್ಟಿ ನೋಡಿದರು. ಎದ್ದು ಉಳಿದ ಹನ್ನೊಂದೂ ಹತ್ತಿದರು. ಕಿಟಕಿಯ ಪಕ್ಕದ ಕುರ್ಚಿ ತೋರಿಸಿದೆ. ಸೆರಗು ಸರಿಪಡಿಸಿಕೊಂಡು ಕೂತು, ಎಡಗೋಡೆ ನೋಡಿದರು, ಬಲಗೋಡೆ ನೋಡಿದರು, ಬುತ್ತಿ ಬಿಚ್ಚುತ್ತಿದ್ದ ಮೇಜನ್ನು ಅಂಗೈಯಿಂದ ಒಮ್ಮೆ ಒರೆಸಿದರು. ಮೂಲೆಯ ಅಂಗಡಿಯಿಂದ ಮೆಹಬೂಬ್ ಚಹಾ ತಂದ. ಒಂದು ಗುಟುಕು ಕುಡಿದ ಅಮ್ಮನ ಹುಬ್ಬು ಗಂಟಾಯಿತು.

"ಸಕ್ರಿ ಎಷ್ಟು ಹಾಕ್ಯಾನಿವ! ಮನ್ಯಾಗ ಸಕ್ರಿ ಬ್ಯಾಡಂತ ಮೂಗು ಮುರೀತಿದ್ರು. ಇಲ್ಲಿ ಇದನ್ನ ಕುಡೀತಿದ್ರೇನು?"

ದಿನಕ್ಕೆ ಮೂರು ಕುಡಿಯುತ್ತಿದ್ದರೆಂದು ಹೇಳುವ ಧೈರ್ಯ ಆರು ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ. ಅಮ್ಮ ನಮ್ಮ ಮುಖಗಳನ್ನು ನೋಡಿ ತಾವೇ ನಕ್ಕರು. ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ, ತಳದವರೆಗೂ ಕುಡಿದರು. ಆಮೇಲೆ ಖಾಲಿ ಲೋಟವನ್ನು ನನ್ನ ಕಡೆ ಬಗ್ಗಿಸಿ ಹಿಡಿದರು.

"ನೋಡವ್ವ. ಆತು."

ಹಿಂದೆ ಹೆಸರಿದ್ದವರು ಬಾಯಿಬಿಟ್ಟು ಹೇಳಲೇಬೇಕು, ಇಲ್ಲದಿದ್ದರೆ ಚೀಟಿ ಅಲ್ಲಾಡುವಂತಿಲ್ಲ.

"ನೋಡೀನಮ್ಮಾ" ಎಂದೆ. ಚೀಟಿಯನ್ನು ಬಲಗೋಡೆಗೆ ಅಂಟಿಸಿದೆ.